ಬಾಳೇಶನ ಮುಷ್ಟಿಯೂ ಮಾವನ ಕುರಿಗಳೂ

ಖಾನಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದ ಬಾಳೇಶ ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಒಮ್ಮೆಯೂ ದನಿ ಎತ್ತಿದವನಲ್ಲ. ಅಂಥವನು ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಮೂವತ್ತು ಜನ ಅರ್ಜಿದಾರರ ಎದುರಿಗೆ, "ಯವ್ವಾ, ಸತ್ತೆ!" ಎಂದು ಕೂಗಿಬಿಟ್ಟ.

ಕೂಗಿಸಿದವರು ಹೊಸದಾಗಿ ಬಂದ ಅಧಿಕಾರಿ ಪೂರ್ಣಿಮಾ ಮೇಡಂ. ಎತ್ತರ ಐದಡಿಗೆ ಸ್ವಲ್ಪ ಕಡಿಮೆ. ಫ್ಯಾನು ಜೋರಾಗಿ ತಿರುಗಿದರೆ ಯಾರಾದರೂ ಹಿಡಿದುಕೊಳ್ಳಬೇಕೇನೋ ಅನ್ನಿಸುವಷ್ಟು ತೆಳ್ಳಗಿನ ಮೈ. ಆದರೆ ಓದುವ ಕಾಲಕ್ಕೆ ಬ್ಯಾಡ್ಮಿಂಟನ್ ಆಡಿ ಮೂರು ಕಪ್ ಗೆದ್ದವರು. ಅಧಿಕಾರ ವಹಿಸಿಕೊಂಡ ದಿನವೇ ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈ ಕುಲುಕುತ್ತ ಬಂದರು. ಉಳಿದವರೆಲ್ಲ ಹಲ್ಲು ಕಚ್ಚಿ ತಡೆದುಕೊಂಡರು. ಬಾಳೇಶನಿಗೆ ಹಲ್ಲು ಕಚ್ಚುವುದಕ್ಕೆ ಸಮಯ ಸಿಗಲಿಲ್ಲ, ಅಷ್ಟೇ.

ಮೇಡಂ ಗಾಬರಿಯಾಗಿ, "ಅಯ್ಯೋ, ನಿಮ್ಮ ಕೈ ಮೊದಲೇ ಮುರಿದಿತ್ತಾ?" ಎಂದು ಕೇಳಿದರು. ಇಲ್ಲ ಎಂದು ಹೇಳುವುದು ಹೇಗೆ? ಹೌದು ಎಂದರೆ ಯಾವಾಗ, ಎಲ್ಲಿ ಎಂಬ ಪ್ರಶ್ನೆ ಹುಟ್ಟುತ್ತದೆ. ಬಾಳೇಶ ಎರಡೂ ಹೇಳದೆ ನಕ್ಕ. "ಇರಲಿ, ಪ್ರತಿ ತಿಂಗಳು ಒಂದನೇ ತಾರೀಕು ಮೀಟಿಂಗ್ ಇರುತ್ತೆ. ಅವತ್ತೂ ಹೀಗೇ ಎಲ್ಲರಿಗೂ ಕೈ ಕುಲುಕ್ತೀನಿ. ನನ್ನ ಪದ್ಧತಿ ಅದು," ಎಂದು ಮೇಡಂ ಒಳಗೆ ಹೋದರು.

ಪಕ್ಕದ ಮೇಜಿನ ಪ್ರಸಾದ ಅಲ್ಲಿಯವರೆಗೆ ತಡೆದಿದ್ದ ನಗೆಯನ್ನು ಹೊರಗೆ ಬಿಟ್ಟ. "ಬಾಳೇಶ, ತಪ್ಪ ತಿಳೀಬ್ಯಾಡ. ಚಾದಾಗ ಅದ್ದಿದ ಪಾವ್ ಇದ್ದಂಗ ಐತಿ ನಿನ್ನ ಕೈ. ಮೇಡಂ ಹಿಡದಾಗ ಎಲ್ಲಿ ಹರಕೊಂಡ ಬೀಳತೈತೋ ಅಂತ ನನಗ ಅಂಜಿಕಿ ಆತು. ಒಂದ ಗ್ರಿಪ್ಪರ್ ತಗೋ. ಕೈಯಾಗ ಹಿಡಕೊಂಡ ಒತ್ತೂದು. ತಿಂಗಳದಾಗ ಕಬ್ಬಿಣ ಆಗತೈತಿ."

ಹೀಗೆ ಆ ಯಂತ್ರ ಬಾಳೇಶನ ಬಾಳಿಗೆ ಬಂತು. ಯಂತ್ರವೆಂದರೆ ದೊಡ್ಡದೇನಲ್ಲ. ಎರಡು ಹಿಡಿಕೆ, ನಡುವೆ ಒಂದು ಸ್ಪ್ರಿಂಗು, ಬಿಗಿ ಹೆಚ್ಚು ಕಡಿಮೆ ಮಾಡಲು ಒಂದು ಕಿತ್ತಳೆ ಬಣ್ಣದ ತಿರುಪು. ಐದು ಕಿಲೋದಿಂದ ಅರವತ್ತು ಕಿಲೋವರೆಗೆ ಅಂಕಿ ಬರೆದಿತ್ತು. ಬಾಳೇಶ ಗಂಡಸಿಗೆ ತಕ್ಕಂತೆ ನೇರವಾಗಿ ಅರವತ್ತಕ್ಕೆ ಇಟ್ಟು ಒತ್ತಿದ. ಯಂತ್ರ ಮಿಸುಕಲಿಲ್ಲ. ನಲವತ್ತಕ್ಕೆ ಇಳಿಸಿದ, ಇಪ್ಪತ್ತಕ್ಕೆ ಇಳಿಸಿದ. ಕೊನೆಗೆ ಐದಕ್ಕೆ ಬಂದಾಗ ಎರಡೂ ಹಿಡಿಕೆಗಳು ಕರುಣೆಯಿಂದ ಒಂದನ್ನೊಂದು ಮುಟ್ಟಿದವು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಒಂದು ಚಿಕ್ಕ ಹುಡುಗಿಯೂ ಇದನ್ನೇ ಮಾಡುತ್ತಿದ್ದಳು. ಬಾಳೇಶ ಆ ಪೆಟ್ಟಿಗೆಯನ್ನು ಹರಿದು ಒಲೆಗೆ ಹಾಕಿದ.

ಮರುದಿನದಿಂದ ಅಭ್ಯಾಸ ಶುರುವಾಯಿತು. ವಡಗಾವಿಯ ಮನೆಯಲ್ಲಿ ಎದ್ದಕೂಡಲೇ ನೂರು ಸಲ. ಬೆಳಗಾವಿ ಸ್ಟೇಷನ್ನಿನಿಂದ ಲೋಂಡಾ ಕಡೆಗೆ ಹೋಗುವ ಪ್ಯಾಸೆಂಜರ್ ಹತ್ತಿ ಖಾನಾಪುರ ಮುಟ್ಟುವವರೆಗೆ ಇನ್ನೂರು ಸಲ. ಹದಿನೈದು ದಿನಕ್ಕೆ ತಿರುಪು ಹದಿನೈದರ ಮೇಲೆ ಬಂದು ನಿಂತಿತ್ತು. ಕನ್ನಡಿಯ ಮುಂದೆ ತೋಳು ಮಡಚಿ ನೋಡಿಕೊಳ್ಳುವುದನ್ನು ಹೆಂಡತಿ ಪ್ರಮಿಳಾ ಎರಡು ಸಲ ಕಂಡು, ಏನೂ ಕೇಳದೆ, ಮನೆಯಲ್ಲಿದ್ದ ಖರ್ಜೂರದ ಡಬ್ಬಿಯನ್ನು ಮೇಲಿನ ಮಾಡಕ್ಕೆ ಸಾಗಿಸಿದಳು.

ಅನರ್ಥ ಆರಂಭವಾದದ್ದು ರೈಲಿನಲ್ಲಿ. ಅವತ್ತು ಬಾಳೇಶ ಕಿಟಕಿ ಪಕ್ಕ ಕೂತು ಕಚ್ ಕಚ್ ಎಂದು ಒತ್ತುತ್ತಿದ್ದಾಗ ಎದುರಿನ ಸೀಟಿಗೆ ಬಾಳವ್ವ ಬಂದು ಕೂತಳು. ಬಾಳವ್ವ ಪಾರಿಶ್ವಾಡದವಳು, ಪ್ರಮಿಳಾಳ ತವರುಮನೆಯ ಬಾಜು ಮನೆಯವಳು. ಹುಟ್ಟಿದಾಗಿನಿಂದ ಕುರಿಗಳ ನಡುವೆ ಬೆಳೆದು, ಕುರಿಗಳ ನಡುವೆ ಮುದುಕಿಯಾದವಳು. ಬಾಯಿಗೆ ಬಾಗಿಲು ಹಚ್ಚಿಸಿಕೊಂಡವಳಲ್ಲ.

ಕುರುಬರ ಮನೆಯ ಹೆಂಗಸಿನ ಕಣ್ಣಿಗೆ ಬಾಳೇಶನ ಕೈಯಲ್ಲಿದ್ದದ್ದು ಹೇಗೆ ಕಂಡಿತು ಎಂದು ಇಲ್ಲಿ ಹೇಳಲೇಬೇಕು. ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಗೂ ಎರಡೇ ಹಿಡಿಕೆ. ಅದನ್ನೂ ಹೀಗೇ ಅಂಗೈಯಲ್ಲಿ ಹಿಡಿದು ಹೀಗೇ ಒತ್ತಿ ಒತ್ತಿ ಬಿಡಬೇಕು. ದಿನವಿಡೀ ಒತ್ತಬೇಕಾದ್ದರಿಂದ ಹೊಸಬರು ಮೊದಲು ಬರೀ ಕೈಯಲ್ಲಿ ಗಾಳಿ ಕತ್ತರಿಸಿ ರೂಢಿ ಮಾಡಿಕೊಳ್ಳುತ್ತಾರೆ. ಮಳೆ ನಿಂತಿತ್ತು. ಪಾರಿಶ್ವಾಡದಲ್ಲಿ ಉಣ್ಣೆ ಕತ್ತರಿಸುವ ಕಾಲಕ್ಕೆ ಇನ್ನು ಎರಡೇ ವಾರ. ಬಾಳವ್ವನ ತಲೆಯಲ್ಲಿ ಎರಡೂ ಎರಡೂ ಸೇರಿ ನಾಲ್ಕಾಯಿತು.

"ಅಳ್ಯಾರ, ಏನ ರೂಢಿ ಮಾಡಾಕತ್ತೀರಿ?" ಎಂದು ಕೇಳಿದಳು.

ಐದಡಿಯ ಹೆಣ್ಣುಮಗಳು ಕೈ ಕುಲುಕಿದ್ದಕ್ಕೆ ಚೀರಿದೆ ಎಂದು ಹೆಂಡತಿಯ ತವರಿನವರಿಗೆ ಹೇಳಲಾದೀತೇ? ಬಾಳೇಶ ಗಂಭೀರವಾಗಿ, "ಕೈ ಬಲೀಲಿ ಅಂತ ರೀ ಅಕ್ಕಾ," ಎಂದ.

"ಅದಕ್ಕನ ಕೇಳಿದೆ. ಈ ವರ್ಷನ ಏನು?"

"ಹೂಂ ರೀ, ಇದ ತಿಂಗಳದಾಗ ತಯಾರ ಆಗಬೇಕು," ಎಂದ ಬಾಳೇಶ, ಒಂದನೇ ತಾರೀಕನ್ನು ನೆನೆಸಿಕೊಂಡು.

"ಸರ್ಕಾರಿ ನೌಕರಿ?"

"ನೌಕರ್‍ಯಾಗ ಏನೈತ್ರಿ, ಸಾಕಾಗಿ ಹೋಗೈತಿ," ಎಂದು ಬಾಳೇಶ ಅಂದ. ಇದು ಎಲ್ಲ ನೌಕರರೂ ದಿನಕ್ಕೆ ಹತ್ತು ಸಲ ಅನ್ನುವ ಮಾತು. ಆದರೆ ಬಾಳವ್ವ ಯಾವತ್ತೂ ನೌಕರಿ ಮಾಡಿದವಳಲ್ಲ. ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ನಿಮ್ಮ ಮಾವಗ ಈ ಸುದ್ದಿ ಕೇಳಿ ಹೊಟ್ಟಿ ತುಂಬತೈತಿ ನೋಡ್ರಿ," ಎಂದಳು. ಮುಷ್ಟಿ ಬಲಿತರೆ ಮಾವನ ಹೊಟ್ಟೆ ಯಾಕೆ ತುಂಬಬೇಕು ಎಂದು ಬಾಳೇಶನಿಗೆ ತಿಳಿಯಲಿಲ್ಲ. ಹಳ್ಳಿಯ ಜನ ಒಳ್ಳೆಯವರು ಎಂದುಕೊಂಡು ಸುಮ್ಮನಾದ.

ಮಾವ ಬೀರಣ್ಣನ ಬಗ್ಗೆ ಒಂದು ಮಾತು. ಎಪ್ಪತ್ತೈದು ದಾಟಿದ ಆಳು. ತಲೆಯ ಮೇಲೆ ಬಿಳಿ ರುಮಾಲು, ಹೆಗಲ ಮೇಲೆ ಕಂಬಳಿ, ಹಿಂದೆ ಎಂಬತ್ತು ಕುರಿ. ಅವನಿಗೂ ಹೆಂಡತಿ ಭರಮವ್ವನಿಗೂ ಪ್ರಮಿಳಾ ಒಬ್ಬಳೇ ಮಗಳು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಬೀರಣ್ಣ ಅಳಿಯನೊಂದಿಗೆ ಆಡಿದ ಮಾತು ನಾಲ್ಕೇ: "ಬರ್ರಿ ಅಳ್ಯಾರ. ಕುಂದರ್ರಿ. ಊಟ ಮಾಡ್ರಿ. ಹೋಗಿ ಬರ್ರಿ." ಮರ್ಯಾದೆಗೆ ಕಡಿಮೆ ಇರಲಿಲ್ಲ. ತಹಶೀಲ್ದಾರರು ಬಂದರೂ ಬೀರಣ್ಣ ಅಷ್ಟೇ ಮರ್ಯಾದೆ ಕೊಡುತ್ತಿದ್ದ, ಅವರು ಎದ್ದು ಹೋದರೆ ಅಷ್ಟೇ ನಿರಾಳವಾಗುತ್ತಿದ್ದ. ಬಾಳೇಶನಿಗೆ ತನ್ನ ತಂದೆಯ ನೆನಪಿಲ್ಲ. ಮಾವನ ಬಾಯಲ್ಲಿ ಐದನೆಯ ಮಾತು ಕೇಳಬೇಕೆಂಬ ಆಸೆ ಹತ್ತೊಂಬತ್ತು ವರ್ಷದಿಂದ ಹಾಗೇ ಉಳಿದಿತ್ತು.

ಆ ಮಾತು ಎರಡು ದಿನ ಬಿಟ್ಟು ಫೋನಿನಲ್ಲಿ ಬಂತು.

"ಲೇ ಬಾಳೂ," ಎಂದಿತು ಆ ಕಡೆಯ ದನಿ.

ಬಾಳೇಶ ಫೋನನ್ನು ಕಿವಿಯಿಂದ ತೆಗೆದು ಹೆಸರು ನೋಡಿದ. ಮಾವನೇ. ಕುರ್ಚಿಯಿಂದ ಎದ್ದು ನಿಂತ. "ಹೇಳ್ರಿ ಮಾವಾ."

"ಬಾಳವ್ವ ಎಲ್ಲಾ ಹೇಳಿದ್ಲು. ಕೈ ಹೆಂಗೈತಿ ಈಗ?"

"ಚಲೋ ಐತ್ರಿ. ಇಪ್ಪತ್ತಕ್ಕ ಬಂದೀನಿ ರೀ."

"ಇಪ್ಪತ್ತ? ದಿನಕ್ಕ?"

"ದಿನಾ ರೀ. ಅರವತ್ತಕ್ಕ ಹೋಗಬೇಕಂತ ಮಾಡೀನ್ರಿ."

ಬೀರಣ್ಣ ತನ್ನ ಏರು ಹರೆಯದಲ್ಲಿ, ಬೆಳಕು ಹರಿದಾಗಿನಿಂದ ಹೊತ್ತು ಮುಳುಗುವವರೆಗೆ ಕೂತು, ದಿನಕ್ಕೆ ಇಪ್ಪತ್ತೈದು ಕುರಿ ಕತ್ತರಿಸಿದವನು. ಸುತ್ತ ಹತ್ತು ಊರಿನಲ್ಲಿ ಅದೇ ದಾಖಲೆ. "ಅರವತ್ತ ಬ್ಯಾಡಪಾ," ಎಂದ ಮೆಲ್ಲಗೆ, "ಕುರಿ ಅಂಜ್ಯಾವು." ಫೋನ್ ಇಟ್ಟುಬಿಟ್ಟ.

ಕುರಿಗಳು ಈ ಮಾತಿನ ನಡುವೆ ಎಲ್ಲಿಂದ ಬಂದವು ಎಂದು ಬಾಳೇಶ ಯೋಚಿಸಲಿಲ್ಲ. 'ಲೇ ಬಾಳೂ' ಎನ್ನುವುದೇ ಕಿವಿಯಲ್ಲಿ ತುಂಬಿತ್ತು. ಅವತ್ತು ಖುಷಿಗೆ ಇನ್ನೂರು ಸಲ ಹೆಚ್ಚಿಗೆ ಒತ್ತಿದ.

ಉತ್ತರ ಸಿಕ್ಕಿದ್ದು ಶನಿವಾರ. ಪಾರಿಶ್ವಾಡದಿಂದ ತರಕಾರಿ ತರುವ ಟೆಂಪೋ ವಡಗಾವಿಯ ಓಣಿಯಲ್ಲಿ ನಿಂತು ಒಂದು ಗಂಟು ಇಳಿಸಿಹೋಯಿತು. ಪ್ರಮಿಳಾ ಕಟ್ಟೆಯ ಮೇಲೆ ಬಿಚ್ಚಿದಳು. ಒಂದು ಕರಿ ಕಂಬಳಿ, ಒಂದು ಹಗ್ಗ, ಎಣ್ಣೆ ಹಚ್ಚಿ ಫಳಫಳ ಮಾಡಿದ ಕುರಿ ಕತ್ತರಿ. ಎದುರುಮನೆಯ ರೇಣವ್ವ ಮಗ್ಗದ ಮುಂದಿನಿಂದ ಎದ್ದು ಬಂದು ನಿಂತಳು. ಆಕೆ ನೇಯುವುದನ್ನು ನಿಲ್ಲಿಸಿದಳೆಂದರೆ ಓಣಿಯಲ್ಲಿ ಏನೋ ಆಗಿದೆ ಎಂದೇ ಅರ್ಥ.

"ಏನವಾ ಪ್ರಮಿಳಾ, ಇವೆಲ್ಲ ಯಾರಿಗಿ?"

ಅಷ್ಟರಲ್ಲಿ ಭರಮವ್ವನ ಫೋನ್ ಬಂತು. ಪ್ರಮಿಳಾ ಸ್ಪೀಕರ್ ಹಾಕಿಯೇ ಮಾತಾಡುವವಳು. ಹೀಗಾಗಿ ಭರಮವ್ವ ಹೇಳಿದ್ದು ಮಗಳಿಗೂ ರೇಣವ್ವನಿಗೂ ಅರ್ಧ ಓಣಿಗೂ ಒಟ್ಟಿಗೇ ತಿಳಿಯಿತು. "ನಿನ್ನ ಗಂಡ ನೌಕರಿ ಬಿಟ್ಟು ಕುರಿ ಕಾಯಾಕ ಬರ್ತಾನಂತಲ್ಲೇ! ನಿಮ್ಮಪ್ಪಗ ಖುಷಿ ತಡಕೊಳ್ಳಾಕ ಆಗವಲ್ದು. ಕುರಿ ಮಾರೂದಂತ ವ್ಯಾಪಾರಿನ್ನ ಕರಿಸಿದ್ದ, ತಿರುಗಿ ಕಳಿಸ್ಯಾನ. ಒಂದ ರೊಟ್ಟಿ ತಿನ್ನಾಂವ ಮೂರ ತಿನ್ನಾಕತ್ಯಾನ!"

ಪ್ರಮಿಳಾ ಕತ್ತರಿ ಹಿಡಿದುಕೊಂಡೇ ಒಳಗೆ ಬಂದಳು. ಬಾಳೇಶ ಆಗ ತಿರುಪನ್ನು ಇಪ್ಪತ್ತೈದಕ್ಕೆ ಏರಿಸುತ್ತಿದ್ದ.

"ನೌಕರಿ ಯಾವಾಗ ಬಿಟ್ರಿ?"

"ಯಾರು?"

"ನನ್ನ ಕೊಳ್ಳಿಗೆ ತಾಳಿ ಕಟ್ಟಿದಾವ್ರು!"

ಅಂದು ಸಂಜೆಯೊಳಗೆ ಓಣಿಯ ಹನ್ನೆರಡು ಮನೆಯವರು ಬಂದು ಸಮಾಧಾನ ಹೇಳಿಹೋದರು. ಲಂಚದ ಕೇಸೇನು ಎಂದು ಒಬ್ಬರು ಪಿಸುಮಾತಿನಲ್ಲಿ ಕೇಳಿದರು. ಸಸ್ಪೆಂಡ್ ಆದವರಿಗೆ ಅರ್ಧ ಪಗಾರ ಬರುತ್ತದೆ, ಧೈರ್ಯ ಬಿಡಬೇಡಿ ಎಂದು ಇನ್ನೊಬ್ಬರು ಲೆಕ್ಕ ಬಿಡಿಸಿ ತೋರಿಸಿದರು. ರೇಣವ್ವನಂತೂ ಒಂದು ತಂಬಿಗೆ ಮಜ್ಜಿಗೆ ತಂದಿಟ್ಟು, "ಈ ಕುರಿ ಕಟ್ಟೂದ ಎಲ್ಲಿ? ನಮ್ಮ ಗ್ವಾಡಿಗಂತೂ ಬ್ಯಾಡ್ರಿ," ಎಂದಳು. ತಾನು ನೌಕರಿ ಬಿಟ್ಟಿಲ್ಲ ಎಂದು ಬಾಳೇಶ ಹೇಳಿದಷ್ಟೂ ಜನ, "ಪಾಪ, ಮರ್ಯಾದಿಗಿ ಅಂಜತಾನ," ಎಂದು ತಲೆ ಆಡಿಸಿದರು.

ಎಲ್ಲರೂ ಹೋದ ಮೇಲೆ ಪ್ರಮಿಳಾ ಫೋನನ್ನು ಗಂಡನ ಮುಂದೆ ಹಿಡಿದಳು. "ನಮ್ಮಪ್ಪಗ ಖರೇ ಹೇಳ್ರಿ. ಈಗ ಹೇಳ್ರಿ."

ಬಾಳೇಶ ನಂಬರು ಒತ್ತಿದ. ಮಾವ ಎತ್ತಿದ. "ಲೇ ಬಾಳೂ, ಕತ್ತರಿ ಮುಟ್ಟಿತೇನೋ? ಅದು ನಮ್ಮಪ್ಪಂದು. ಇಲ್ಲೀತನಕ ಯಾರ ಕೈಯಾಗೂ ಕೊಟ್ಟಿದ್ದಿಲ್ಲ," ಎಂದ. "ಮುಟ್ಟಿತ್ರಿ ಮಾವಾ, ಭಾಳ ಚಲೋ ಐತಿ," ಎಂದು ಹೇಳಿ ಬಾಳೇಶ ಫೋನ್ ಕೆಳಗಿಟ್ಟ. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ನಿಜ ಹೇಳಿದರೆ ಮಾವ ಬೈಯುತ್ತಾನೆ ಎಂದಲ್ಲ, ಮತ್ತೆ 'ಬರ್ರಿ ಅಳ್ಯಾರ, ಕುಂದರ್ರಿ' ಎಂದು ಶುರುಮಾಡುತ್ತಾನಲ್ಲ, ಅದೇ ಅವನಿಗೆ ಬೇಡವಾಗಿತ್ತು.

ಅಲ್ಲಿಗೆ ನಿಂತಿದ್ದರೂ ಸಾಕಿತ್ತು. ಆದರೆ ಬೀರಣ್ಣ ಕೆಲಸ ಅರ್ಧಕ್ಕೆ ಬಿಡುವ ಜಾತಿಯವನಲ್ಲ. ಮಂಗಳವಾರ ಮಧ್ಯಾಹ್ನ ಬಾಳೇಶ ಕಡತದಿಂದ ತಲೆ ಎತ್ತಿ ನೋಡಿದರೆ ಕಚೇರಿಯ ಬಾಗಿಲಲ್ಲಿ ಬಿಳಿ ರುಮಾಲು ಕಂಡಿತು. ಬಾಳೇಶ ಅರೆಗಳಿಗೆಯಲ್ಲಿ ಹಳೆಯ ಕಾಗದಪತ್ರಗಳ ಕೋಣೆ ಸೇರಿ ಬಾಗಿಲ ಸಂದಿಯಿಂದ ನೋಡತೊಡಗಿದ.

"ಸಾಹೇಬ್ರ ಯಾರ್ರಿ ಇಲ್ಲಿ?" ಎಂದು ಬೀರಣ್ಣ ಕೇಳಿದ. ಪ್ರಸಾದ ಮೇಡಂ ಕೋಣೆ ತೋರಿಸಿದ. ತೋರಿಸಿ, "ಏನ ಕೆಲಸ ಯಜಮಾನ್ರ?" ಎಂದ.

"ನಮ್ಮ ಅಳಿಯ ಬಾಳೇಶಂದು ರಾಜೀನಾಮಿ ಲಗೂನ ಮಂಜೂರ ಮಾಡಸಾಕ ಬಂದೀನಿ. ಕುರಿ ಕತ್ತರಿಸೂ ದಿನ ಹತ್ರ ಬಂತು."

ಪ್ರಸಾದನ ಕೈಯಲ್ಲಿದ್ದ ಶಿಕ್ಕಾ ಇಂಕಿನ ಡಬ್ಬಿಯ ಬದಲು ಚಹಾದ ಕಪ್ಪಿಗೆ ಇಳಿಯಿತು.

ಮೇಡಂ ಎದ್ದು ನಿಂತು, ತಮ್ಮ ಪದ್ಧತಿಯಂತೆ ಕೈ ಮುಂದೆ ಚಾಚಿದರು. ಬೀರಣ್ಣ ಇಂಥದ್ದನ್ನು ಕಂಡವನಲ್ಲ. ಆದರೂ ದೊಡ್ಡವರು ಕೈ ಕೊಟ್ಟಾಗ ಹಿಡಿಯದಿದ್ದರೆ ಅವಮರ್ಯಾದೆ ಎಂದು ಹಿಡಿದ. ಅರವತ್ತು ವರ್ಷ ಕುರಿ ಕತ್ತರಿ ಒತ್ತಿದ ಕೈ ಅದು. ಗೌರವ ಹೆಚ್ಚಿದಷ್ಟೂ ಬಿಗಿ ಹೆಚ್ಚಾಯಿತು. ಮೇಡಂ ಕೂಗಲಿಲ್ಲ, ಅಧಿಕಾರಿಗಳು ಕೂಗಬಾರದು. ಆದರೆ ಅವರ ಹುಬ್ಬುಗಳು ಕೂದಲಿನವರೆಗೆ ಹೋಗಿ ಬಂದದ್ದು ಬಾಳೇಶನಿಗೆ ಸಂದಿಯಿಂದಲೂ ಕಂಡಿತು.

ಆಮೇಲೆ ಬಾಗಿಲು ಮುಚ್ಚಿತು. ಒಳಗಿನ ಮಾತು ಕೇಳಿಸಲಿಲ್ಲ. ಇಪ್ಪತ್ತು ನಿಮಿಷ ಬಾಳೇಶ ಧೂಳು ಕುಡಿಯುತ್ತ ನಿಂತ. ಈಗ ಎಲ್ಲ ಮುಗಿಯಿತು, ಮೇಡಂ ನಿಜ ಹೇಳಿರುತ್ತಾರೆ, ಮಾವ ಹೊರಗೆ ಬಂದು 'ಅಳ್ಯಾರ' ಅನ್ನುತ್ತಾನೆ ಎಂದು ಲೆಕ್ಕ ಹಾಕಿದ. ಬಾಗಿಲು ತೆರೆಯಿತು. ಬೀರಣ್ಣ ನಗುನಗುತ್ತ ಹೊರಗೆ ಬಂದವನು ನೇರವಾಗಿ ಆ ಕೋಣೆಯ ಸಂದಿಗೆ ಬಾಯಿ ಇಟ್ಟು, "ಲೇ ಬಾಳೂ, ಐತವಾರ ಕತ್ತರಿಸೂದೈತಿ. ಮುಂಜಾನೆ ಲಗೂನ ಬಾ," ಎಂದು ಹೇಳಿ ಹೊರಟುಹೋದ.

ಏನೂ ತಿಳಿದಿಲ್ಲ! ಬಾಳೇಶ ಒಂದು ಕಡೆ ಬದುಕಿದೆ ಎಂದುಕೊಂಡ, ಇನ್ನೊಂದು ಕಡೆ ಸತ್ತೆ ಎಂದುಕೊಂಡ. ಮೇಡಂ ಕರೆದು, "ಸೋಮವಾರ ನಿಮಗೆ ರಜೆ ಕೊಟ್ಟಿದ್ದೀನಿ. ಅರ್ಜಿ ಬರೆದಿಟ್ಟು ಹೋಗಿ," ಎಂದರು. ಅವರ ಬಲಗೈ ತಣ್ಣೀರಿನ ಬಾಟಲಿಗೆ ಆತುಕೊಂಡಿತ್ತು. ಮರುದಿನವೇ ಕಚೇರಿಯಲ್ಲಿ ಒಂದು ಸೂಚನೆ ಹೊರಟಿತು: ಇನ್ನು ಮುಂದೆ ಸಿಬ್ಬಂದಿ ಸಭೆಯಲ್ಲಿ ನಮ್ಮ ಸಂಸ್ಕೃತಿಗೆ ತಕ್ಕಂತೆ ಕೈ ಮುಗಿದು ನಮಸ್ಕರಿಸಲಾಗುವುದು.

ಯಾವ ಕಾರಣಕ್ಕೆ ಮುಷ್ಟಿ ಬೆಳೆಸಲು ಹೊರಟಿದ್ದನೋ ಆ ಕಾರಣವೇ ಹೀಗೆ ಊರು ಬಿಟ್ಟು ಹೋಯಿತು. ಉಳಿದದ್ದು ಮೂವತ್ತು ಕಿಲೋದ ಬಲ ಮತ್ತು ಎಂಬತ್ತು ಕುರಿಗಳು.

ಭಾನುವಾರ ಪಾರಿಶ್ವಾಡದಲ್ಲಿ ಬಾಳೇಶ ಮತ್ತು ಪ್ರಮಿಳಾ ಬಸ್ಸಿನಿಂದ ಇಳಿದಾಗ ಕುರಿಗಳು ಹಿಂದಿನ ದಿನ ಹಳ್ಳದಲ್ಲಿ ಮೈ ತೊಳೆಸಿಕೊಂಡು ಬೆಳ್ಳಗೆ ಕರ್‍ರಗೆ ಹೊಳೆಯುತ್ತಿದ್ದವು. ಅಕ್ಕಪಕ್ಕದ ಊರುಗಳಿಂದ ಆರು ಜನ ಕತ್ತರಿಸುವವರು ತಮ್ಮ ತಮ್ಮ ಕತ್ತರಿ ಹಿಡಿದು ಬಂದಿದ್ದರು. ಮೊದಲ ಕುರಿಗೆ ಮನೆಯವನೇ ಕತ್ತರಿ ಹಚ್ಚಬೇಕು, ಆಮೇಲೆ ಉಳಿದವರು. ಅಲ್ಲಿಯ ಪದ್ಧತಿ ಅದು. ಭರಮವ್ವ ಕುರಿಯ ಹಣೆಗೆ ಭಂಡಾರ ಹಚ್ಚಿ, ಕಾಲು ಕಟ್ಟಿ ಮಲಗಿಸಿ, ಅಳಿಯನ ಕಡೆ ನೋಡಿದಳು. ಎಲ್ಲರೂ ನೋಡಿದರು. ದಿನಕ್ಕೆ ಅರವತ್ತು ಕತ್ತರಿಸುವ ಗಂಡು ಅಲ್ಲವೇ!

ಬಾಳೇಶ ಅಂಗಿಯ ತೋಳು ಮಡಚಿ ಕೂತ. ಒತ್ತಿದ. ಕತ್ತರಿ ಮುಚ್ಚಿತು, ಉಣ್ಣೆಯನ್ನು ಕಚ್ಚಿ ಹಿಡಿಯಿತು, ತೆರೆಯಲಿಲ್ಲ. ಒಂದು ತಿಂಗಳು ಅವನ ಕೈ ಕಲಿತದ್ದು ಮುಚ್ಚುವುದನ್ನು ಮಾತ್ರ. ಬಿಡುವ ಕೆಲಸ ಅಲ್ಲಿ ಸ್ಪ್ರಿಂಗ್ ಮಾಡುತ್ತಿತ್ತು. ಈ ಕತ್ತರಿಗೆ ಸ್ಪ್ರಿಂಗ್ ಇಲ್ಲ. ಬಾಳೇಶ ಎಡಗೈಯಿಂದ ಅಲಗುಗಳನ್ನು ಬಿಡಿಸಿ ಮತ್ತೆ ಒತ್ತಿದ. ಕುರಿ ತಲೆ ಎತ್ತಿ ಅವನ ಮುಖ ನೋಡಿತು.

"ನಗರದ ಪದ್ಧತಿ ಇರಬೇಕು," ಎಂದ ಕತ್ತರಿಸುವವರಲ್ಲಿ ಒಬ್ಬ ಹಿರಿಯ, ಮರ್ಯಾದೆಯಿಂದ.

ಉಳಿದವರು ಸುತ್ತ ಕೂತು ತಮ್ಮ ಕೆಲಸ ಶುರುಮಾಡಿದರು. ಅವರ ಕತ್ತರಿಗಳು ಓಡುತ್ತಿದ್ದವು. ಒಂದೊಂದು ಕುರಿಯೂ ಎದ್ದು ಅಂಗಿ ಕಳಚಿದಂತೆ ಕೊಡವಿಕೊಂಡು ಹೋಗುತ್ತಿತ್ತು. ಬಾಳೇಶನ ಕುರಿ ಮಾತ್ರ ಅಲ್ಲೇ. ಒಂದು ಕಡೆ ಬೋಳು, ಒಂದು ಕಡೆ ಗುಪ್ಪೆ, ಒಂದು ಕಡೆ ಮೆಟ್ಟಿಲು. ಎರಡು ಕಡೆ ಚರ್ಮ ಗೀಚಿ ಭರಮವ್ವ ಅರಿಸಿನ ಒತ್ತಿದ್ದಳು. ಇಳಿಹೊತ್ತಿಗೆ ಉಳಿದ ಆರು ಜನ ಸೇರಿ ಹಿಂಡನ್ನೆಲ್ಲ ಹೆಚ್ಚುಕಡಿಮೆ ಮುಗಿಸಿದ್ದರು. ಬಾಳೇಶ ಕುರಿಯ ಎಡ ಮಗ್ಗುಲು ಮುಗಿಸುವಷ್ಟರಲ್ಲಿ ಕೈ ಹಿಡಿದುಕೊಂಡಿತು. ಕತ್ತರಿಯ ಸುತ್ತ ಬೆರಳು ಬಿಗಿದದ್ದು ಬಿಗಿದೇ ಹೋಯಿತು. ಇಬ್ಬರು ಎಳೆದರೂ ಬರಲಿಲ್ಲ.

"ಹಿಡಿತ ಅಂದ್ರ ಹಿಡಿತ ನೋಡ್ರಪಾ," ಎಂದ ಅದೇ ಹಿರಿಯ. ಈ ಸಲ ಮರ್ಯಾದೆ ಸ್ವಲ್ಪ ಕಡಿಮೆಯಿತ್ತು.

ಭರಮವ್ವ ಅಳಿಯನನ್ನು ನೆರಳಿಗೆ ಕರೆದು ಕೂರಿಸಿ, ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಿಸಿ ಔಡಲೆಣ್ಣೆ ತಿಕ್ಕುತ್ತ ಒಂದೊಂದೇ ಬೆರಳು ಬಿಡಿಸತೊಡಗಿದಳು. ಎದುರಿಗೆ ಬೀರಣ್ಣ ಬಂದು ಕೂತ. ಕೂರುವಾಗ ಗೋಡೆ ಹಿಡಿದ, ಅರ್ಧ ದಾರಿಯಲ್ಲಿ ನಿಂತ, ಕೊನೆಗೆ ಧೊಪ್ಪೆಂದು ಬಿದ್ದಂತೆ ಕೂತ. ಅವನ ಮೊಣಕಾಲುಗಳು ಕೆಲಸ ಬಿಟ್ಟಿವೆ ಎಂದು ಬಾಳೇಶ ನೋಡಿದ್ದು ಅವತ್ತೇ.

ಕೈ ಅತ್ತೆಯ ತೊಡೆಯ ಮೇಲಿರುವಾಗ ಸುಳ್ಳು ಹೇಳುವುದು ಕಷ್ಟ. "ಮಾವಾ," ಎಂದ ಬಾಳೇಶ, "ನಾ ನೌಕರಿ ಬಿಟ್ಟಿಲ್ರಿ. ಕುರಿ ಸಲುವಾಗಿ ನಾ ಏನೂ ರೂಢಿ ಮಾಡಿದ್ದಿಲ್ಲ. ಮೇಡಂ ಕೈ ಕುಲುಕಿದಾಗ..."

"ಚೀರಿದಿ," ಎಂದ ಬೀರಣ್ಣ.

"ನಿಮಗ ಹೆಂಗ ಗೊತ್ತಾತ್ರಿ?" ಎಂದ ಬಾಳೇಶ.

"ಆ ಮೇಡಮ್ಮಾರ ಅವತ್ತ ಎಲ್ಲಾ ಹೇಳಿದ್ರು. ರಾಜೀನಾಮಿ ಕೊಟ್ಟೂ ಇಲ್ಲ, ಕೊಡಾಂವೂ ಅಲ್ಲ ಅಂದ್ರು. ನಾ ಅವತ್ತ ಸಂಜೀಕನ ವ್ಯಾಪಾರಿಗಿ ಫೋನ್ ಹಚ್ಚಿ ಬಾ ಅಂದೀನಿ. ನಾಳೆ ಬರ್ತಾನ. ಕೈ ಇನ್ನೂ ಗಟ್ಟಿ ಅದಾವು, ಕಾಲ ಮಾತ್ರ ಹಿಂಡಿನ ಹಿಂದ ನಡ್ಯಾಕ ಒಲ್ಲೆ ಅಂತಾವು."

"ಮತ್ತ ನನಗ ಬಾ ಅಂತ ಯಾಕ ಅಂದ್ರಿ?"

ಬೀರಣ್ಣ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಕಡೀ ಸಲದ್ದು ಇದು. ಮೊದಲ ಕುರಿಗಿ ಮನ್ಯಾಂವ ಕತ್ತರಿ ಹಚ್ಚಬೇಕು. ನನಗ ಕುಂದರಾಕ ಆಗೂದಿಲ್ಲ. ಮತ್ಯಾರನ್ನ ಕರೀಲಿ? ಬರ್ತೀಯೋ ಇಲ್ಲೋ ನೋಡೂಣು ಅಂತ ಸುಮ್ಕ ಇದ್ದೆ. ಬಂದಿ."

ಭರಮವ್ವ ಕೊನೆಯ ಬೆರಳು ಬಿಡಿಸಿದಳು. ಕತ್ತರಿ ಕೆಳಗೆ ಬಿತ್ತು. ಬಾಳೇಶ, ಕೈ ಬಹಳ ನೋಯುತ್ತಿದೆ ಎಂಬ ನೆಪದಲ್ಲಿ ಒಂದಿಷ್ಟು ಅತ್ತ.

ಸೋಮವಾರ ಬೆಳಿಗ್ಗೆ ವ್ಯಾಪಾರಿ ಲಾರಿ ತಂದ. ಕುರಿಗಳ ಬೆನ್ನು ಮುಟ್ಟಿ ನೋಡುತ್ತ ಬಂದವನು ಬಾಳೇಶನ ಕುರಿಯ ಮುಂದೆ ಎರಡು ಹೆಜ್ಜೆ ಹಿಂದೆ ಸರಿದ.

"ಇದಕ್ಕೇನಾಗೇತ್ರಿ ಬೀರಣ್ಣಾರ? ಕಜ್ಜೀ?"

"ಕಜ್ಜಿ ಅಲ್ಲಪಾ, ಅಳಿಯ."

"ಏನಾದ್ರೂ ಆಗ್ಲಿ, ಇದೊಂದ ನನಗ ಬ್ಯಾಡ. ಉಳಿದಾವಕ್ಕ ಹತ್ತೀತು," ಎಂದು ಅದನ್ನು ಬಿಟ್ಟು ಬೇರೆಲ್ಲವನ್ನೂ ಏರಿಸಿಕೊಂಡ. ಲಾರಿ ಹೊರಟಿತು. ಬೀರಣ್ಣ ರಸ್ತೆಯ ತಿರುವಿನವರೆಗೆ ನೋಡುತ್ತ ನಿಂತ. ಪ್ರಮಿಳಾ ಅಪ್ಪನ ಬಾಜು ಹೋಗಿ ನಿಂತಳು. ಖಾಲಿ ಅಂಗಳದಲ್ಲಿ ಅರ್ಧ ಬೋಳಾದ ಕುರಿ ಒಂದೇ ನಿಂತು ಒದರುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಬೀರಣ್ಣ ತಿರುಗಿ ಅದನ್ನು ನೋಡಿ, ಅಳಿಯನನ್ನು ನೋಡಿದ. "ಒಯ್ಯಿ ಇದನ್ನ. ಅರ್ಧಾ ಕತ್ತರಿಸಿ ಬಿಡೂದು ನಮ್ಮ ಮನ್ಯಾಗ ಇಲ್ಲ. ಮುಗಸು. ನಾ ಐತವಾರ ಬಂದ ನೋಡ್ತೀನಿ."

ಕುರಿ ಟೆಂಪೋದಲ್ಲಿ ಕೂತು ವಡಗಾವಿಗೆ ಬಂತು. ರೇಣವ್ವ ತನ್ನ ಗೋಡೆಗೆ ಕಟ್ಟಬಾರದೆಂದು ಬಾಗಿಲಲ್ಲೇ ನಿಂತು ಕಾದಳು. ನಾಲ್ಕನೆಯ ದಿನ ತಾನೇ ಅದಕ್ಕೆ ಕಡಲೆಹೊಟ್ಟು ಹಾಕುತ್ತಿದ್ದಳು. ಬಾಳೇಶ ದಿನವೂ ಕಚೇರಿಯಿಂದ ಬಂದು, ಚಹಾ ಕುಡಿದು, ಕಟ್ಟೆಯ ಮುಂದೆ ಕೂತು ಅಂಗೈಯಗಲ ಕತ್ತರಿಸುತ್ತಿದ್ದ. ಮಗ್ಗಗಳ ಸದ್ದಿನ ನಡುವೆ ಅವನ ಕತ್ತರಿಯ ಸದ್ದೂ ಓಣಿಗೆ ರೂಢಿಯಾಯಿತು. ಭಾನುವಾರ ಮೊದಲ ಬಸ್ಸಿಗೆ ಬೀರಣ್ಣ ಬರುತ್ತಿದ್ದ. ಪ್ರಮಿಳಾ ಹಾಕಿದ ಕುರ್ಚಿಯಲ್ಲಿ ಕಾಲು ಚಾಚಿ ಕೂತು, "ಹಂಗಲ್ಲೋ ಹುಚ್ಚಾ, ಅಲಗ ಮಲಗಿಸಿ ಹಿಡಿ. ಒತ್ತಬ್ಯಾಡ, ಸುಮ್ಕ ಬಿಡು. ಬಿಡೂದ ಕಲಿ ಮೊದಲ," ಎಂದು ಸಂಜೆಯವರೆಗೆ ಬೈಯುತ್ತಿದ್ದ. ಹತ್ತೊಂಬತ್ತು ವರ್ಷದ ಮಾತನ್ನೆಲ್ಲ ಒಂದೊಂದು ಭಾನುವಾರವೂ ಸ್ವಲ್ಪ ಸ್ವಲ್ಪ ತೀರಿಸುವವನಂತೆ ಬೈಯುತ್ತಿದ್ದ.

ಬಲ ಮಗ್ಗುಲು ಮುಗಿಯುವ ಹೊತ್ತಿಗೆ ಎಡ ಮಗ್ಗುಲಿನ ಉಣ್ಣೆ ಮತ್ತೆ ಬೆಳೆದಿತ್ತು. ಅದನ್ನು ಹಿಡಿದರೆ ಇದು ಬೆಳೆಯಿತು. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಒಂದು ಭಾನುವಾರ ಬಾಳೇಶನ ಕತ್ತರಿ ಯಾರೂ ಹೇಳದೆಯೇ ಸರಾಗವಾಗಿ ಓಡಿತು. ಹೊತ್ತು ಇಳಿಯುವಷ್ಟರಲ್ಲಿ ಕುರಿಯ ಎರಡೂ ಮಗ್ಗುಲು ನುಣ್ಣಗಾಗಿ, ಬಾಲದ ಹತ್ತಿರ ಒಂದು ಹಿಡಿಯಷ್ಟು ಉಣ್ಣೆ ಮಾತ್ರ ಉಳಿದಿತ್ತು. ಪ್ರಮಿಳಾ ಬಾಗಿಲಿಗೆ ಬಂದು, "ಅಂತೂ ಮುಗೀತಪಾ ಇದು!" ಎಂದಳು.

ಬಾಳೇಶ ಆ ಹಿಡಿ ಉಣ್ಣೆಯನ್ನು ನೋಡಿದ. ಕುರ್ಚಿಯಲ್ಲಿದ್ದ ಮಾವನ ಕಡೆ ನೋಡಿದ. ಬೀರಣ್ಣ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿ, ಓಣಿಯ ಆ ತುದಿಯಲ್ಲಿ ಏನೋ ಇದೆ ಎಂಬಂತೆ ಅತ್ತ ನೋಡುತ್ತಿದ್ದ.

ಬಾಳೇಶ ಕತ್ತರಿ ಕೆಳಗಿಟ್ಟು ಬೆರಳು ತಿಕ್ಕಿಕೊಂಡ. "ಕೈ ಭಾಳ ನೋಯಾಕತ್ತೈತ್ರಿ ಮಾವಾ. ಉಳಿದದ್ದು ಮುಂದಿನ ಐತವಾರ ಮಾಡೂಣೇನು?"

"ಮಾಡೂಣೇಳೋ, ಗಡಿಬಿಡಿ ಏನೈತಿ," ಎಂದ ಬೀರಣ್ಣ, ಮತ್ತು ಮಗಳಿಗೆ ಇನ್ನೊಂದು ಕಪ್ ಚಹಾ ಮಾಡಲು ಹೇಳಿದ.